ರಾಳದ ಹಾಸು

ವೆಂಡೆಲ್ ಪ್ರೂಯಿಟ್‌ನನ್ನು ಕರಡಿ ಹರಿದ ಮೇಲೆ ಹೋಲ್ಮ್ ಬಂದರಿನ ಜನ ತಮ್ಮ ಕೋವಿಗಳನ್ನು ಒಂದೊಂದಾಗಿ ತಂದು ಹಾಲ್ವರ್ ಎಂಗೆಯ ದೋಣಿಮನೆಯಲ್ಲಿ ಇಡತೊಡಗಿದರು. ಯಾರೂ ಬಾಯಿಬಿಟ್ಟು ದೂರಲಿಲ್ಲ. ಆ ಊರಿನಲ್ಲಿ ದೂರುವ ಪದ್ಧತಿ ಬೇರೆ. ಬಂದವನು ಮಳೆಕೋಟು ಕೊಡವುತ್ತಾನೆ, ಒಲೆಯ ಹತ್ತಿರ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುತ್ತಾನೆ, ಕಾಫಿ ಕುಡಿಯುತ್ತಾನೆ. ಹೋಗುವಾಗ ಏನೋ ಮರೆತವನಂತೆ ಕೋವಿಯನ್ನು ಮೇಜಿನ ಮೇಲಿಟ್ಟು, ಸುಮ್ಮನೆ ಒಂದು ಸಲ ಕಣ್ಣಾಡಿಸಿಬಿಡು, ಅವಸರವೇನಿಲ್ಲ ಎನ್ನುತ್ತಾನೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ.

ಹಾಲ್ವರ್ ಅವನ್ನೆಲ್ಲ ಗೋಡೆಗೆ ಒರಗಿಸಿಟ್ಟ. ಎಲ್ಲವೂ ಅವನ ಕೈಯಲ್ಲಿ ಹಾದುಹೋದ ಕೋವಿಗಳೇ. ಅಲಾಸ್ಕಾದ ಆ ದ್ವೀಪದಲ್ಲಿ ಮಳೆಗೆ ಬಿಡುವಿಲ್ಲ. ಮಳೆಯಲ್ಲಿ ಕೆಡದ ಕೋವಿ ಬೇಕೆಂದರೆ ಅವನ ಬಳಿಗೇ ಬರಬೇಕು ಎನ್ನುವುದು ಊರಿನವರು ಎಂದೋ ಒಪ್ಪಿಕೊಂಡಿದ್ದ ಸಂಗತಿ. ಈಗ ಗೋಡೆಯುದ್ದಕ್ಕೂ ಸಾಲಾಗಿ ನಿಂತ ಆ ಕೋವಿಗಳು ಅವನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದವು. ವೆಂಡೆಲ್‌ನ ಕೋವಿ ಕರಡಿಯೆದುರು ಸಿಡಿಯದೆ ಕಚ್ಚಿಕೊಂಡದ್ದು ನಿನ್ನ ಕೆಲಸದಿಂದಲೋ? ವೆಂಡೆಲ್ ಬೇರೆ ಯಾರೋ ಅಲ್ಲ, ಅವನ ತಂಗಿ ಬೋರ್ಗಿಲ್ಡ್‌ಳ ಗಂಡ.

ಉತ್ತರ ಆ ಕೋವಿಯನ್ನು ಬಿಚ್ಚಿದರೆ ಸಿಗುತ್ತಿತ್ತು. ಅದು ಇದ್ದದ್ದು ವೆಂಡೆಲ್‌ನ ಹಿತ್ತಿಲ ಕೋಣೆಯಲ್ಲಿ. ವೆಂಡೆಲ್ ಅದನ್ನು ಕೊಡುತ್ತಿರಲಿಲ್ಲ.

ಎಂಗೆ ಮನೆತನದ ಹುಳುಕೆಲ್ಲ ಮರದಿಂದಲೇ ಹುಟ್ಟಿದ್ದು. ಹಾಲ್ವರನ ಅಪ್ಪ ಆಸ್ಮುಂಡ್ ನಾರ್ವೆಯಿಂದ ಬಂದ ದೋಣಿಗಾರ. ಮರದ ಹಲಗೆಯನ್ನು ಹಬೆಯಲ್ಲಿ ಬೇಯಿಸಿ ಬಾಗಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತನ್ನ ಬೇಟೆಯ ಕೋವಿಗೆ ಹಿಡಿಯನ್ನೂ, ಅಂದರೆ ಉಕ್ಕಿನ ನಳಿಗೆಯನ್ನು ಹೊತ್ತು ಹೆಗಲಿಗೆ ಆತುಕೊಳ್ಳುವ ಮೈಯನ್ನೂ, ಅವನೇ ಅಕ್ರೋಟು ಮರದಲ್ಲಿ ಕಡೆದಿದ್ದ. ಅದರ ತಿರುಪುಗಳನ್ನೂ ಅವನೇ ಅರದಿಂದ ಉಜ್ಜಿ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕುವ ಕೆಲಸ ಬೋರ್ಗಿಲ್ಡ್‌ಳದು. ತಿಕ್ಕಿ ತಿಕ್ಕಿ ಆ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು.

ನೋಡಲು ಚೆಂದ ನಿಜ. ಆದರೆ ಮರ ನೀರು ಕುಡಿಯುತ್ತದೆ. ಶರತ್ಕಾಲದ ಮಳೆಯಲ್ಲಿ ಮೂರು ದಿನ ಕಾಡಿನಲ್ಲಿದ್ದರೆ ಉಬ್ಬುತ್ತದೆ, ಉಬ್ಬಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತದೆ, ಇಟ್ಟ ಗುರಿ ಒಂದು ಕಡೆಗಾದರೆ ಗುಂಡು ಇನ್ನೊಂದು ಕಡೆಗೆ ಹೋಗುತ್ತದೆ. ಹಾಲ್ವರ್ ಹುಡುಗನಾಗಿದ್ದಾಗ ಹಾಗೆ ಒಂದು ದೊಡ್ಡ ಗಂಡು ಜಿಂಕೆ ತಪ್ಪಿಹೋಯಿತು. ಆ ಚಳಿಗಾಲವೆಲ್ಲ ಮನೆಯಲ್ಲಿ ಮೀನೇ ಮೀನು. ಅಪ್ಪ ತನ್ನ ಕಣ್ಣನ್ನು ಬೈದುಕೊಂಡ. ಹಾಲ್ವರ್ ಮರವನ್ನು ಬೈದುಕೊಂಡ. ಬೋರ್ಗಿಲ್ಡ್ ಮತ್ತಷ್ಟು ಎಣ್ಣೆ ತಿಕ್ಕಿದಳು.

ದೊಡ್ಡವನಾದ ಮೇಲೆ ಹಾಲ್ವರ್ ಅಪ್ಪನ ಬಳಿ ಕೆಲಸಕ್ಕೆ ನಿಲ್ಲದೆ, ಊರಾಚೆ ಹೊಸದಾಗಿ ತೆರೆದಿದ್ದ ಫೈಬರ್‌ಗ್ಲಾಸ್ ದೋಣಿ ಕಟ್ಟುವವರ ಬಳಿ ಸೇರಿಕೊಂಡ. ಗಾಜಿನ ನಾರು, ರಾಳ, ಅದನ್ನು ಗಟ್ಟಿಯಾಗಿಸುವ ರಸ. ಹತ್ತು ವರ್ಷದಲ್ಲಿ ಆ ದೋಣಿಗಳು ಆಸ್ಮುಂಡನ ಕಸುಬನ್ನು ತಿಂದು ಮುಗಿಸಿದವು. ಮಗ ಅದೇ ರಾಳದಿಂದ ಕೋವಿಗೆ ಹಿಡಿ ಮಾಡಿಕೊಂಡು ಮನೆಗೆ ತಂದಾಗ ಮುದುಕ ಅದನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದ್ದಿಷ್ಟೇ: "ಬಚ್ಚಲ ತೊಟ್ಟಿ ಹೆಗಲ ಮೇಲಿಟ್ಕೊಂಡು ಬೇಟೆಗೆ ಹೋಗ್ತೀಯೇನೋ? ಸೋಪೂ ತಗೊಂಡ್ಹೋಗು."

ಹಾಲ್ವರ್ ಹೋದ. ಜಿಂಕೆ ತಂದ. ಅಪ್ಪ ಆ ಮಾಂಸ ತಿಂದನೇ ಹೊರತು ಮಾತಾಡಲಿಲ್ಲ.

ಅಪ್ಪ ಸತ್ತ ಮೇಲೆ ಹಾಲ್ವರ್ ದೋಣಿಮನೆಯನ್ನೇ ಕೋವಿಗಳ ಕೆಲಸಕ್ಕೆ ಇಟ್ಟುಕೊಂಡ. ಮದುವೆಯಾಗಲಿಲ್ಲ. ಆ ಊರಿನಲ್ಲಿ ಹಾಗೆ ಉಳಿದವರು ಬೇಕಾದಷ್ಟಿದ್ದರು, ಯಾರೂ ಕಾರಣ ಕೇಳುತ್ತಿರಲಿಲ್ಲ. ಹಿಡಿ ಆರಿಸಲು ಬಂದವರನ್ನು ಅವನು ಸುಲಭಕ್ಕೆ ಬಿಡುತ್ತಿರಲಿಲ್ಲ. ಅಚ್ಚಿನಲ್ಲಿ ಹೊಯ್ದ ಅಗ್ಗದ ಪ್ಲಾಸ್ಟಿಕ್ ಹಿಡಿಯನ್ನು ತಂದವನೆದುರು ಅದನ್ನು ಗೆಣ್ಣಿನಿಂದ ಕುಟ್ಟುತ್ತಿದ್ದ. ಟೊಳ್ಳು ಸದ್ದು ಬಂದರೆ, ಡಬ್ಬಾ, ಇದರಲ್ಲಿ ಬಿಸ್ಕತ್ತು ತುಂಬಿಡು ಎನ್ನುತ್ತಿದ್ದ. ಕೈಯಿಂದ ಪದರ ಪದರವಾಗಿ ಗಾಜಿನ ನಾರು ಹಾಸಿ ಮಾಡಿದ ಹಿಡಿ ಕುಟ್ಟಿದರೆ ಮಂಕಾಗಿ ಉತ್ತರ ಕೊಡುತ್ತದೆ. ಅದೇ ಅವನಿಗೆ ಬೇಕಾದದ್ದು. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸು ಎನ್ನುತ್ತಿದ್ದ. ಕಣ್ಣು ತೆರೆದಾಗ ಗುರಿಗಾಜು ಕಣ್ಣೆದುರೇ ಇರಬೇಕು, ಕತ್ತು ಹುಡುಕಬಾರದು. ಎಲೆ ಬಳ್ಳಿಗಳ ಚಿತ್ತಾರದ ಹಿಡಿ ಬೇಕೆಂದು ಹಟ ಹಿಡಿದ ಅಂಚೆಯವನಿಗೆ ಒಮ್ಮೆ ಹೇಳಿದ್ದ: "ಜಿಂಕೆಗೆ ಕಾಣಿಸಬಾರದು ಅಂತಾನಾ? ಪೊದೆ ಹತ್ರ ಇಟ್ಟು ಉಚ್ಚೆ ಹೊಯ್ಯೋಕೆ ಹೋಗು, ಆಮೇಲೆ ನಿಂಗೂ ಕಾಣಿಸಲ್ಲ." ಅಂಚೆಯವನು ಕಪ್ಪು ಹಿಡಿಯನ್ನೇ ಒಯ್ದ.

ಆದರೆ ಹಿಡಿ ಆರಿಸಿದರೆ ಕೆಲಸ ಮುಗಿಯಲಿಲ್ಲ. ಎಷ್ಟೇ ಒಳ್ಳೆಯ ಹಿಡಿಯಾದರೂ ಉಕ್ಕು ಅದರೊಳಗೆ ಸುಮ್ಮನೆ ಕೂರುವುದಿಲ್ಲ, ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಸರಿಯುತ್ತದೆ. ಆದ್ದರಿಂದ ಹಿಡಿಯ ಹೊಟ್ಟೆಯಲ್ಲಿ ರಾಳ ತುಂಬಿ, ಅದು ಹಸಿಯಾಗಿರುವಾಗಲೇ ಉಕ್ಕನ್ನು ಇಳಿಸಿ, ಅದರ ಆಕಾರಕ್ಕೇ ಒಂದು ಹಾಸು ಮೂಡಿಸಬೇಕು. ಉಕ್ಕಿಗೆ ಮೊದಲು ಮೇಣ ಸವರಬೇಕು. ಒಂದು ಕಡೆ ಮರೆತರೂ ಉಕ್ಕು ರಾಳಕ್ಕೆ ಅಂಟಿಕೊಂಡು ಕೋವಿ ಅಲ್ಲಿಗೇ ಮುಗಿಯಿತು. ತೂತುಗಳಿಗೆ ಮಕ್ಕಳು ಆಡುವ ಜೇಡಿ ತುಂಬಬೇಕು. ಗಟ್ಟಿಯಾಗುವ ತನಕ ದೋಣಿಮನೆಯ ಒಲೆ ಆರಬಾರದು. ಚಳಿಯಲ್ಲಿ ರಾಳ ಸರಿಯಾಗಿ ಹೆಪ್ಪುಗಟ್ಟದೆ ಗಿಣ್ಣಿನಂತೆ ಉಳಿದುಬಿಡುತ್ತದೆ. ಕೊನೆಗೆ ನಳಿಗೆಯನ್ನು ರಬ್ಬರ್ ಸುತ್ತಿಗೆಯಿಂದ ಒಂದು ಸಲ ತಟ್ಟಿದರೆ ಟಕ್ಕೆಂದು ಬಿಟ್ಟುಕೊಳ್ಳಬೇಕು. ಒದ್ದೆ ಮರಳಿನಲ್ಲಿ ಹೆಜ್ಜೆ ಮೂಡಿದಂತೆ ರಾಳದಲ್ಲಿ ಉಕ್ಕಿನ ಗುರುತು ಮೂಡಿರಬೇಕು. ಅದರ ಮೇಲೆ ಹೆಬ್ಬೆರಳ ಉಗುರು ಒತ್ತಿ ನೋಡುತ್ತಿದ್ದ. ಉಗುರು ಇಳಿಯದಿದ್ದರೆ ಸರಿ.

ಇನ್ನು ತಿರುಪು. ಉಕ್ಕನ್ನು ಹಿಡಿಗೆ ಬಿಗಿಯುವುದು ಎರಡು ತಿರುಪುಗಳು. ಅವುಗಳಲ್ಲಿ ಮುಂದಿನದು ಅಗುಳಿಯ ಕೆಳಗೇ ಕೂರುತ್ತದೆ. ಬಾಗಿಲ ಅಗುಳಿಯಂತೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ತೋಟಾ ಏರಿಸುವ ಭಾಗವದು. ಆ ತಿರುಪು ಇರಬೇಕಾದುದಕ್ಕಿಂತ ಭತ್ತದ ಕಾಳಿನಷ್ಟು ಹೆಚ್ಚು ಉದ್ದವಾದರೂ ಅದರ ತುದಿ ಮೇಲಕ್ಕೆ ಚುಚ್ಚಿಕೊಂಡು ಅಗುಳಿಯನ್ನು ಕಚ್ಚುತ್ತದೆ. ಹಾಲ್ವರ್ ಪ್ರತಿ ಕೋವಿಯ ಮುಂದಿನ ತಿರುಪನ್ನೂ ಅದರದರ ಹಾಸಿಗೆ ತಕ್ಕಂತೆ ಕತ್ತರಿಸಿ ಅರದಿಂದ ಉಜ್ಜುತ್ತಿದ್ದ.

ವೆಂಡೆಲ್ ಹಿಡಿ ಬದಲಿಸಲು ಬಂದದ್ದು ಕಳೆದ ವಸಂತದಲ್ಲಿ. ಅವನು ಆರೆಗನ್ ಕಡೆಯ ಮರಗಡುಕ. ಈ ಊರಿಗೆ ಬಂದು ಬೋರ್ಗಿಲ್ಡ್‌ಳನ್ನು ಮದುವೆಯಾಗಿ ಇಲ್ಲೇ ಬೇರೂರಿದ. ಬಾಯಿ ಜೋರು, ಕೈ ಅದಕ್ಕಿಂತ ಜೋರು, ಕಾಯುವುದಕ್ಕೆ ಮಾತ್ರ ಆಗದು. ಮುದುಕನ ಅಕ್ರೋಟು ಹಿಡಿಯ ಕೋವಿ ಮಾವನಿಂದ ಅವನಿಗೆ ಬಂದಿತ್ತು. ಎರಡು ಮಳೆಗಾಲ ಗುರಿ ತಪ್ಪಿದ ಮೇಲೆ ಅವನು ಭಾವನ ಬಳಿ ಬಂದು ಕೂತ. ಬೋರ್ಗಿಲ್ಡ್ ಬೇಡವೆಂದಳು. ಆ ಹಿಡಿಯಲ್ಲಿ ಅಪ್ಪನ ಕೈ ಇದೆ ಎಂದಳು. ಅಪ್ಪನ ಕೈ ಇದ್ದರೆ ಸಾಲದು, ಗುರಿಯೂ ಇರಬೇಕು ಎಂದು ಹಾಲ್ವರ್ ಹೇಳಿಬಿಟ್ಟ. ಆ ಮಾತು ಆಡಬಾರದಿತ್ತು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಾಸು ಹಾಕಿದ. ಅಕ್ರೋಟು ಹಿಡಿಯನ್ನು ಅದರ ಹಳೆಯ ತಿರುಪುಗಳ ಸಮೇತ ಕಂಬಳಿಯಲ್ಲಿ ಸುತ್ತಿ ತಂಗಿಗೆ ಹಿಂದಿರುಗಿಸಿದ. ಜಲ್ಲಿಗುಂಡಿಯಲ್ಲಿ ಹೊಸ ಹಿಡಿಯ ಕೋವಿಯಿಂದ ಗುಂಡು ಹಾರಿಸಿ ನೋಡಿದಾಗ ಎಲ್ಲವೂ ಒಂದು ಅಂಗೈಯಗಲದಲ್ಲೇ ಬಿದ್ದವು, ಅಗುಳಿ ಬೆಣ್ಣೆಯಂತೆ ಓಡಿತು. ಅಂದಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ. ಆದರೂ ಈಗ ಯೋಚಿಸಿದರೆ ಎರಡು ಸಂಗತಿಗಳು ನೆನಪಿಗೆ ಬರುತ್ತಿದ್ದವು. ವರ್ಷಗಟ್ಟಲೆ ರಾಳ ಮುಟ್ಟಿ ಅವನ ಬೆರಳುಗಳಲ್ಲಿ ಬೊಕ್ಕೆಯೆದ್ದು, ಆ ವಸಂತದಲ್ಲಿ ಕೈಗವಸು ಹಾಕಿಕೊಂಡೇ ಕೆಲಸ ಮಾಡಿದ್ದ. ಉಗುರು ಒತ್ತಿ ನೋಡಿದ್ದನೋ ಇಲ್ಲವೋ ನೆನಪಿಲ್ಲ. ಮತ್ತೆ, ಹಾಸು ಹಾಕಿದ ದಿನ ಒಲೆ ಆರಿಹೋಗಿತ್ತು. ಎಷ್ಟು ಹೊತ್ತು ಆರಿತ್ತೋ ಗೊತ್ತಿಲ್ಲ. ರಾಳ ಒಳಗೆ ಮೆತ್ತಗೆ ಉಳಿದಿದ್ದರೆ ಬೇಸಿಗೆಯಿಡೀ ಹೊಡೆತ ತಿಂದು ಕುಸಿದಿರಬಹುದು. ಹಾಸು ಕುಸಿದಷ್ಟೂ ತಿರುಪಿನ ತುದಿ ಮೇಲೇರುತ್ತದೆ.

ಅಕ್ಟೋಬರಿನಲ್ಲಿ ವೆಂಡೆಲ್ ತನ್ನ ಜೊತೆಗಾರ ಸಿರಿಲ್ ಪೀಟರ್ಸ್‌ನೊಂದಿಗೆ ಆಚೆ ದ್ವೀಪಕ್ಕೆ ಜಿಂಕೆ ಬೇಟೆಗೆ ಹೋದ. ಸಿರಿಲ್ ಅಲ್ಲಿನ ಮೂಲನಿವಾಸಿಗಳಾದ ತ್ಲಿಂಗಿಟ್ ಜನದವನು, ಸಾಲ್ಮನ್ ಹಿಡಿಯುವವನು, ಕಡಿಮೆ ಮಾತಿನವನು. ಅವನು ಹೇಳಿದ್ದಿಷ್ಟು. ಇಬ್ಬರೂ ದಿಬ್ಬದ ಎರಡು ಪಕ್ಕಕ್ಕೆ ಬೇರೆಯಾದರು. ಮಧ್ಯಾಹ್ನದ ಹೊತ್ತಿಗೆ ವೆಂಡೆಲ್‌ನ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಮನುಷ್ಯನ ಕೂಗು. ಓಡಿ ಹೋಗಿ ನೋಡಿದರೆ ಅರ್ಧ ಬಗೆದ ಜಿಂಕೆಯ ಪಕ್ಕದಲ್ಲಿ ಕಂದು ಕರಡಿ ವೆಂಡೆಲ್‌ನ ಮೇಲೆ ನಿಂತಿತ್ತು. ಸಿರಿಲ್ ಅದನ್ನು ಹೊಡೆದ. ಆ ದ್ವೀಪದ ಕರಡಿಗಳಿಗೆ ಗುಂಡಿನ ಸದ್ದು ಊಟದ ಗಂಟೆಯಿದ್ದ ಹಾಗೆ, ಅದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಜಿಂಕೆ ಬಿದ್ದ ಮೇಲೆ ಒಂದು ಹೆಜ್ಜೆ ಇಡುವ ಮೊದಲು ಖಾಲಿ ಚಿಪ್ಪನ್ನು ಹೊರಗೆಸೆದು ಹೊಸ ತೋಟಾ ಏರಿಸಬೇಕು. ಆ ಊರಿನ ಮಕ್ಕಳಿಗೆ ಇದನ್ನು ಪ್ರಾರ್ಥನೆಗಿಂತ ಮೊದಲು ಕಲಿಸುತ್ತಾರೆ.

ತಾನೂ ಹಾಗೇ ಮಾಡಿದ್ದೆನೆಂದು ವೆಂಡೆಲ್ ಆಸ್ಪತ್ರೆಯಲ್ಲಿ ಹೇಳಿದ. ಹೊಸ ತೋಟಾ ಏರಿಸಿಟ್ಟುಕೊಂಡೇ ಜಿಂಕೆ ಬಗೆಯುತ್ತಿದ್ದೆ, ಕರಡಿ ಬಂದಾಗ ಕೋವಿ ಎತ್ತಿದೆ, ಸಿಡಿಯಲಿಲ್ಲ, ಅಗುಳಿ ಎಳೆದರೆ ಅಲ್ಲಾಡಲಿಲ್ಲ. "ಹಾಲ್ವರನ ಕೋವಿ ಕಚ್ಕೊಂಡ್ಬಿಡ್ತು" ಎಂಬ ಅವನ ಮಾತು ಅವನಿಗಿಂತ ಮೊದಲೇ ಊರು ತಲುಪಿತು. ತೋಟಾ ಏರಿದ್ದ ಕೋವಿ ಸಿಡಿಯದೆ ಇದ್ದದ್ದೇಕೆ ಎಂಬುದು ಹಾಲ್ವರನಿಗೆ ಹೊಳೆಯಲಿಲ್ಲ. ಹಾಸು ಪೂರ್ತಿ ಕುಸಿದಿದ್ದರೆ ಟ್ರಿಗರ್ ಕೂಡ ಹಿಡಿಗೆ ಸಿಕ್ಕಿಕೊಂಡಿರಬಹುದು ಎಂದುಕೊಂಡ.

ವೆಂಡೆಲ್ ಮನೆಗೆ ಬಂದದ್ದು ಕ್ರಿಸ್‌ಮಸ್‌ಗೆ ಮೊದಲು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ, ಕೆನ್ನೆ ಹೊಲಿದು ಜೋಡಿಸಿದ್ದರು. ಹಾಲ್ವರ್ ನೋಡಲು ಹೋದ. ಬೋರ್ಗಿಲ್ಡ್ ಪಾತ್ರೆ ತೊಳೆಯುತ್ತ ಅವರಿಗೆ ಬೆನ್ನು ಮಾಡಿ ನಿಂತಿದ್ದಳು. ಮೊದಲೆಲ್ಲ ಶನಿವಾರ ಶನಿವಾರ ಅಣ್ಣನಿಗೆ ರೈ ರೊಟ್ಟಿ ಸುಟ್ಟು ತರುತ್ತಿದ್ದವಳು ಅಕ್ಟೋಬರಿನಿಂದ ದೋಣಿಮನೆಯ ಹೊಸ್ತಿಲು ತುಳಿದಿರಲಿಲ್ಲ. ಹಾಲ್ವರ್ ಸುತ್ತಿ ಬಳಸಿ ಮಾತಾಡುವವನಲ್ಲ. ಕೋವಿ ಕೊಡು, ಬಿಚ್ಚಿ ನೋಡುತ್ತೇನೆ ಎಂದ.

"ಯಾಕೆ ಭಾವ?" ಎಂದ ವೆಂಡೆಲ್. "ಇನ್ನೊಂದು ಕೈ ಉಳಿದಿದೆ ಅಂತ ಬೇಜಾರಾ?"

"ನಂದು ತಪ್ಪಾಗಿದ್ರೆ ನಂಗೆ ಗೊತ್ತಾಗಬೇಕು."

"ಗೊತ್ತಾಗಿ? ಅಂಟಿಸಿಕೊಡ್ತೀಯಾ? ರಾಳ ಇದೆಯಲ್ಲ ನಿನ್ಹತ್ರ."

ಬೋರ್ಗಿಲ್ಡ್ ತಿರುಗಲಿಲ್ಲ. ಅವಳ ಕೈ ಮಾತ್ರ ನೀರಿನಲ್ಲಿ ನಿಂತುಬಿಟ್ಟಿತ್ತು. ಹಾಲ್ವರ್ ಟೋಪಿ ಹಾಕಿಕೊಂಡು ಹೊರಟ.

ಆ ಚಳಿಗಾಲ ಅವನು ಗೋಡೆಗೊರಗಿದ್ದ ಕೋವಿಗಳನ್ನು ಒಂದೊಂದಾಗಿ ಬಿಚ್ಚಿದ. ಪ್ರತಿಯೊಂದರ ಹಾಸಿಗೂ ಉಗುರು ಒತ್ತಿದ. ಎಲ್ಲವೂ ಗಟ್ಟಿ. ಒಂದರಲ್ಲೂ ಕೊರತೆ ಕಾಣಲಿಲ್ಲ. ಆದರೂ ಸಮಾಧಾನವಾಗಲಿಲ್ಲ, ಏಕೆಂದರೆ ಅವನು ನೋಡಬೇಕಾದದ್ದು ಅವುಗಳಲ್ಲಿ ಇರಲಿಲ್ಲ. ಕೋವಿಯ ಒಡೆಯರೂ ಅವನ್ನು ಒಯ್ಯಲು ಬರಲಿಲ್ಲ. ಬೊಕ್ಕೆಗೆ ಮುಲಾಮು ಹಚ್ಚಿಕೊಂಡು ಮೇಜಿನೆದುರು ಕೂರುತ್ತಿದ್ದ. ಅಪ್ಪನ ಮಾತು ನಿಜವಾಯಿತೇನೋ, ತಾನು ಜೀವಮಾನವೆಲ್ಲ ಬಚ್ಚಲ ತೊಟ್ಟಿಗಳನ್ನೇ ಮಾಡಿದೆನೇನೋ ಎಂಬ ಯೋಚನೆ ಬಂದು ಹೋಗುತ್ತಿತ್ತು.

ಫೆಬ್ರವರಿಯಲ್ಲಿ ವೆಂಡೆಲ್ ಕೃತಕ ಕೈಯ ಅಳತೆ ಕೊಡಲು ಸಿಯಾಟಲ್‌ಗೆ ಹೋದ. ಮಾರನೆಯ ದಿನ ನಡುಹಗಲಲ್ಲಿ ಬೋರ್ಗಿಲ್ಡ್ ಕಂಬಳಿಯಲ್ಲಿ ಸುತ್ತಿದ ಕೋವಿಯನ್ನು ತೋಳಲ್ಲಿ ಹೊತ್ತು, ಊರಿನವರೆಲ್ಲ ನೋಡುವಂತೆ ಬಂದರಿನ ರಸ್ತೆಯಲ್ಲೇ ನಡೆದು ಬಂದಳು. ದೋಣಿಮನೆಯ ಬಾಗಿಲು ಹಾಕಿದಳು. ಕೋಟು ತೆಗೆಯಲಿಲ್ಲ.

"ಬಿಚ್ಚು," ಎಂದಳು.

"ಅವನಿಗೆ ಗೊತ್ತಾ?"

"ಬಿಚ್ಚು ಅಂದೆ."

ಕಾಡಿನಿಂದ ಸಿರಿಲ್ ಹೇಗೆ ತಂದನೋ ಕೋವಿ ಹಾಗೇ ಇತ್ತು. ಹಿಡಿಯ ಮೇಲೆ ಒಣಗಿದ ಕಲೆ. ನಳಿಗೆ ತುಕ್ಕು ಹಿಡಿದಿತ್ತು. ಹಾಲ್ವರ್ ಅಗುಳಿಯನ್ನು ಎತ್ತಲು ನೋಡಿದ, ಅದು ಕದಲಲಿಲ್ಲ. ತಲೆಕೆಳಗು ಮಾಡಿ ಮೇಜಿಗೆ ಬಿಗಿದಿದ್ದ ಇಕ್ಕಳದಲ್ಲಿ ಹಿಡಿಸಿ ಮುಂದಿನ ತಿರುಪನ್ನು ಸಡಿಲಿಸತೊಡಗಿದ. ಅದು ಬಿಚ್ಚಿಕೊಳ್ಳುತ್ತಲೇ ಹೋಯಿತು. ತಾನು ಕತ್ತರಿಸಿದ ತಿರುಪಾದರೆ ಇಷ್ಟು ಹೊತ್ತಿಗೆ ಕೈಗೆ ಬರಬೇಕಿತ್ತು ಎಂದು ಅವನಿಗೆ ತಿಳಿದ ಹೊತ್ತಿಗೇ ಅದು ಕಳಚಿ ಅಂಗೈಗೆ ಬಿತ್ತು. ಅದೇ ಕ್ಷಣಕ್ಕೆ ಕಚ್ಚಿಕೊಂಡಿದ್ದ ಅಗುಳಿ ಸಡಿಲವಾಯಿತು.

ತಿರುಪು ಕಪ್ಪಗಿತ್ತು. ತಲೆಯ ಗೀರು ಕೈಯಿಂದ ಅರ ಹಿಡಿದು ಕೊರೆದದ್ದು, ಸ್ವಲ್ಪ ಓರೆ. ತುದಿ ಮಾತ್ರ ಉಕ್ಕಿಗೆ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಹಾಲ್ವರ್ ಅದನ್ನು ಮುಚ್ಚಿಡಬಹುದಿತ್ತು. ಅಷ್ಟರಲ್ಲಿ ಬೋರ್ಗಿಲ್ಡ್ ಅವನ ಅಂಗೈಯನ್ನು ಬಿಡಿಸಿ ನೋಡಿದ್ದಳು. ಆ ತಿರುಪಿನ ತಲೆಯನ್ನು ಅವಳು ವರ್ಷಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿದವಳು.

"ಅಪ್ಪಂದು," ಎಂದಳು.

ಕೂತಳು. ಆಮೇಲೆ ಹೇಳಿದಳು, ಯಾರದೋ ಸುದ್ದಿ ಹೇಳುವವಳಂತೆ. ಸೆಪ್ಟೆಂಬರಿನಲ್ಲಿ, ಅಪ್ಪ ತೀರಿಕೊಂಡ ದಿನ ವರ್ಷ ತಿರುಗಿ ಬಂದಾಗ, ಅವಳು ಉಕ್ಕನ್ನು ಪ್ಲಾಸ್ಟಿಕ್ ಹಿಡಿಯಿಂದ ಬಿಚ್ಚಿ, ಅಕ್ರೋಟು ಹಿಡಿಗೆ ತೊಡಿಸಿ, ಒಂದು ದಿನ ಒಲೆಯ ಮೇಲಿನ ಗೋಡೆಗೆ ನೇತುಹಾಕಿದ್ದಳು. ಅಪ್ಪನ ಕೋವಿ ಇಡಿಯಾಗಿ ಕಾಣಲಿ ಎಂದು. ವೆಂಡೆಲ್ ಆಗ ಮೀನುದೋಣಿಯಲ್ಲಿದ್ದ, ಅವನಿಗೆ ಗೊತ್ತಿಲ್ಲ. ಮಾರನೆಯ ದಿನ ಮತ್ತೆ ಹಿಂದಿನಂತೆ ಜೋಡಿಸಿದಳು. ಎರಡು ಹಿಡಿಗಳ ತಿರುಪುಗಳೂ ಒಂದೇ ತಟ್ಟೆಯಲ್ಲಿದ್ದವು. ಆರಿಸಿ ಹಾಕಿದೆ ಎಂದೇ ತಿಳಿದಿದ್ದಳು. ಅಗುಳಿ ಬೇರೆ ಕಡೆ ಎಣ್ಣೆಯಲ್ಲಿತ್ತು, ಅದನ್ನು ಹಾಕಿಕೊಂಡದ್ದು ವೆಂಡೆಲ್, ಬೇಟೆಯ ದಿನ, ದಡದಲ್ಲಿ. ಬಿಗಿಯಾಗಿದೆ ಎಂದನಂತೆ, ಚಳಿಗೆ ಗ್ರೀಸು ಹೆಪ್ಪುಗಟ್ಟಿರಬೇಕೆಂದು ಸಿರಿಲ್‌ಗೆ ಹೇಳಿ ಅಂಗೈಯಿಂದ ಗುದ್ದಿ ಮುಚ್ಚಿದನಂತೆ.

ಹಾಲ್ವರ್ ಎರಡನೆಯ ತಿರುಪನ್ನೂ ತೆಗೆದು ಉಕ್ಕನ್ನು ಹಿಡಿಯಿಂದ ಎತ್ತಿದ. ಟಕ್ಕೆಂದು ಬಿಟ್ಟುಕೊಂಡಿತು. ಕೈಗವಸು ಕಳಚಿ ಹಾಸಿಗೆ ಉಗುರು ಒತ್ತಿದ. ಗಾಜಿನಷ್ಟು ಗಟ್ಟಿ. ಇಡೀ ಚಳಿಗಾಲ ಅವನು ಕಾದದ್ದು ಅದಕ್ಕೇ. ಈಗ ಬಂದಾಗ ಅದನ್ನು ಯಾರಿಗೆ ತೋರಿಸಬೇಕೋ ತಿಳಿಯಲಿಲ್ಲ. ಎದುರಿಗಿದ್ದವಳು ತಂಗಿ.

ಒಳಗೆ ಜೀವಂತ ತೋಟಾ ಇರಬಹುದೆಂದು ನಳಿಗೆಯನ್ನು ಗೋಡೆಗೆ ತಿರುಗಿಸಿ ಅಗುಳಿಯನ್ನು ಮೆಲ್ಲಗೆ ಹಿಂದಕ್ಕೆಳೆದ. ಹೊರಗೆ ಹಾರಿ ಬಿದ್ದದ್ದು ಖಾಲಿ ಹಿತ್ತಾಳೆ ಚಿಪ್ಪು. ಅದು ನೆಲದ ಮೇಲೆ ಉರುಳಿ ಬೋರ್ಗಿಲ್ಡ್‌ಳ ಬೂಟಿಗೆ ತಾಗಿ ನಿಂತಿತು.

ಇಬ್ಬರೂ ಬೇಟೆಗಾರನ ಮಕ್ಕಳು. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಜಿಂಕೆಯನ್ನು ಕೊಂದ ಗುಂಡಿನ ಚಿಪ್ಪು. ವೆಂಡೆಲ್ ಹೊಸ ತೋಟಾ ಏರಿಸಿರಲಿಲ್ಲ, ಏರಿಸಲು ಹೋದಾಗಲೇ ಅಗುಳಿ ಕಚ್ಚಿಕೊಂಡಿತ್ತು. ಕೋವಿ ಸತ್ತಿದೆ ಎಂದು ಅವನಿಗೆ ಕರಡಿ ಬರುವ ಮೊದಲೇ ಗೊತ್ತಿತ್ತು. ಆಗ ಅಲ್ಲೇ ನಿಂತು ಸಿರಿಲ್‌ನನ್ನು ಕೂಗಿ ಕರೆಯಬೇಕಿತ್ತು. ಅವನು ಕಾಯಲಿಲ್ಲ. ಕೆಲಸಕ್ಕೆ ಬಾರದ ಕೋವಿಯನ್ನು ಮರಕ್ಕೊರಗಿಸಿ, ಚಾಕು ಹಿರಿದು, ಕರಡಿಯ ಕಾಡಿನಲ್ಲಿ ಒಬ್ಬನೇ ಜಿಂಕೆ ಬಗೆಯಲು ಕೂತ. ಕೋವಿಯನ್ನು ಯಾರಿಗೂ ಬಿಚ್ಚಲು ಕೊಡದೆ ಇದ್ದದ್ದು ಇದಕ್ಕೆ.

ಬೋರ್ಗಿಲ್ಡ್ ಬಾಗಿ ಚಿಪ್ಪನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಇದನ್ನ ಎಸೆದುಬಿಡು."

"ಬೋರ್ಗಿಲ್ಡ್, ತಿರುಪು ಒಂದೇ ಆಗಿದ್ರೆ ಒಂದು ಜಿಂಕೆ ಹೊತ್ಕೊಂಡು ಬೈಕೊಳ್ತಾ ಮನೆಗೆ ಬರ್ತಿದ್ದ, ಅಷ್ಟೇ. ಕೈ ಹೋಗಿದ್ದು..."

"ನಂಗೆ ಲೆಕ್ಕ ಹೇಳ್ಬೇಡ ಅಣ್ಣ. ಅವನು ಬಂದ್ಮೇಲೆ ಅವನ ತಟ್ಟೇಲಿರೋ ಮಾಂಸ ನಾನು ಕತ್ತರಿಸಿ ಕೊಡ್ಬೇಕು. ಇದನ್ನ ಮನಸ್ಸಲ್ಲಿಟ್ಕೊಂಡು ಕತ್ತರಿಸೋಕಾಗಲ್ಲ."

"ಊರಿಗೆ ಏನಂತ ಹೇಳೋದು?"

"ನೀನೇನೂ ಹೇಳ್ಬೇಡ. ತಿರುಪು ನಂದು, ನಾನೇ ಹೇಳ್ತೀನಿ."

"ಪೂರ್ತಿ ನಿನ್ನ ತಲೆ ಮೇಲೆ ಬರತ್ತೆ."

"ಇಷ್ಟು ದಿನ ನಿನ್ನ ತಲೆ ಮೇಲಿತ್ತಲ್ಲ. ನೀನೇನು ಸತ್ತೋದ್ಯಾ?"

ಕಂಬಳಿಯನ್ನು ಮಡಚಿಕೊಂಡು ಹೋದಳು. ಅಪ್ಪನ ತಿರುಪನ್ನೂ ಒಯ್ದಳು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಬೋರ್ಗಿಲ್ಡ್ ಬಟ್ಟಲು ಹಿಡಿದು ನಿಂತೇ ಹೇಳಿದಳು. ಹಾಲ್ವರನ ಹಾಸು ಸರಿಯಾಗಿದೆ, ತಿರುಪು ಅದಲು ಬದಲು ಮಾಡಿದ್ದು ನಾನು ಎಂದಳು. ಇಷ್ಟು ಹೇಳಿ ಹಾಲಿನ ಪಾತ್ರೆ ಈ ಕಡೆ ಕೊಡಿ ಎಂದಳು. ಯಾರೋ ಕೊಟ್ಟರು. ಹೆಂಗಸರು ಅವಳ ತೋಳು ಮುಟ್ಟಿ, ಯಾರಿಗಾದರೂ ಆಗಬಹುದಾದದ್ದು ಎಂದರು. ಆದರೆ ಮುಂದಿನ ವಾರದಿಂದ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಕೆಡುಕು ಮಾಡಿದವಳ ಪಕ್ಕ ಕೂರಲು ಅವರಿಗೆ ಅಂಜಿಕೆಯೇನಿರಲಿಲ್ಲ. ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ ಅಷ್ಟೇ. ಫಲ ಮಾತ್ರ ಎರಡಕ್ಕೂ ಒಂದೇ.

ಗಂಡಸರು ದೋಣಿಮನೆಗೆ ಬಂದು ತಮ್ಮ ಕೋವಿಗಳನ್ನು ಒಯ್ದರು. ನೋಡಿದೆಯಾ ಎಂದು ಕೇಳಿದರು, ನೋಡಿದೆ ಎಂದ. ಒಬ್ಬ ಹೊಗೆಯಾಡಿಸಿದ ಸಾಲ್ಮನ್ ತಂದುಕೊಟ್ಟ. ಅಂಚೆಯವನು ಹೊಸ ಹಿಡಿ ತೋರಿಸು ಎಂದ, ಈ ಸಲ ನೀನು ಹೇಳಿದ್ದೇ ಇರಲಿ ಎಂದ. ಹಾಲ್ವರನ ಹೆಸರು ಮೊದಲಿದ್ದ ಜಾಗಕ್ಕೆ ಬಂದು ಕ್ಷೇಮವಾಗಿ ಕೂತಿತು. ಸಾಲ್ಮನ್ ಅವನಿಗೆ ರುಚಿಸಲಿಲ್ಲ. ಹಿತ್ತಾಳೆ ಚಿಪ್ಪನ್ನು ಅವನು ಎಸೆದಿರಲಿಲ್ಲ. ಮೇಣದ ಡಬ್ಬಿಯ ಹಿಂದೆ ಇಟ್ಟಿದ್ದ. ಪ್ರತಿ ಹಾಸಿಗೂ ಮೇಣ ಬೇಕು. ಡಬ್ಬಿ ತೆಗೆದಾಗಲೆಲ್ಲ ಅದು ಕಾಣುತ್ತಿತ್ತು.

ವೆಂಡೆಲ್ ದೋಣಿಮನೆಗೆ ಬಂದದ್ದು ಏಪ್ರಿಲ್‌ನಲ್ಲಿ, ಹಿಮ ಕರಗಿ ರಸ್ತೆ ರಾಡಿಯಾಗಿದ್ದಾಗ. ಕೃತಕ ಕೈಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡಿದ್ದ. ಹೆಂಡತಿ ಚರ್ಚಿನಲ್ಲಿ ಹೇಳಿದ್ದು ಅವನಿಗೆ ಯಾವಾಗಲೋ ಗೊತ್ತಾಗಿತ್ತು; ಅವನು ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಈಗ ಎಡ ಹೆಗಲಿಗೆ, ಒಂದೇ ಕೈಗೆ ಆಗುವಂಥ ಹಿಡಿ ಬೇಕು ಎಂದ. ಹಗುರವಾಗಿರಬೇಕು ಎಂದ. ಮೇಜಿನ ಮೇಲಿದ್ದ ಒಂದನ್ನು ಎತ್ತಿ ಗೆಣ್ಣಿನಿಂದ ಕುಟ್ಟಿ, "ಇದು ಬಿಸ್ಕತ್ತು ಡಬ್ಬಾನಾ, ಬಚ್ಚಲ ತೊಟ್ಟಿನಾ ಭಾವ?" ಎಂದು ನಕ್ಕ. ಹೊಲಿದ ಕೆನ್ನೆಯಲ್ಲಿ ನಗು ಒಂದೇ ಪಕ್ಕಕ್ಕೆ ಎಳೆಯಿತು. ತಪ್ಪು ಯಾರಿಂದಲೂ ಆಗುತ್ತದೆ, ತಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ಬೋರ್ಗಿಲ್ಡ್‌ಗೂ ಹಾಗೇ ಹೇಳಿದ್ದೇನೆ, ಕ್ಷಮಿಸಿಬಿಟ್ಟಿದ್ದೇನೆ ಎಂದ.

ಹಾಲ್ವರ್ ಎದ್ದು ಮೇಣದ ಡಬ್ಬಿಯನ್ನು ಸರಿಸಿ, ಚಿಪ್ಪನ್ನು ತಂದು ಅವನೆದುರು ನೆಟ್ಟಗೆ ನಿಲ್ಲಿಸಿದ. ವೆಂಡೆಲ್ ಅದನ್ನು ನೋಡಿದ.

"ನಿನ್ನ ಕೋವಿ ನಳಿಗೆ ಒಳಗೇ ಇತ್ತು," ಎಂದ ಹಾಲ್ವರ್.

ವೆಂಡೆಲ್ ಎಡಗೈಯ ಒಂದು ಬೆರಳಿನಿಂದ ಚಿಪ್ಪನ್ನು ಉರುಳಿಸಿದ, ಮತ್ತೆ ಎತ್ತಿ ನಿಲ್ಲಿಸಿದ. ಅವನು ತಮಾಷೆಗೆ ಏನಾದರೂ ಹುಡುಕುತ್ತಿರುವಂತೆ ಕಂಡಿತು.

"ಅವಳಿಗೆ ಗೊತ್ತಾ?"

"ನೆಲದಿಂದ ಎತ್ತಿಟ್ಟಿದ್ದೇ ಅವಳು."

"ಯಾವಾಗ?"

"ಫೆಬ್ರವರೀಲಿ. ಚರ್ಚಲ್ಲಿ ಹೇಳೋಕೆ ಮುಂಚೆ."

ಆ ಮಾತು ಅವನೊಳಗೆ ಇಳಿಯಲು ಹೊತ್ತು ಹಿಡಿಯಿತು. ಆವತ್ತಿನಿಂದ ಪ್ರತಿ ಊಟಕ್ಕೂ ತನ್ನ ಮಾಂಸ ಕತ್ತರಿಸಿ ಕೊಟ್ಟವಳು, ತನ್ನಿಂದ ಕ್ಷಮೆ ಪಡೆದುಕೊಂಡವಳು, ಎಲ್ಲ ತಿಳಿದೇ ಪಡೆದುಕೊಂಡಿದ್ದಳು. ಹಾಲ್ವರನಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಸಿಟ್ಟೂ ಬರಲಿಲ್ಲ. ತಂಗಿ ಎಸೆದುಬಿಡು ಎಂದದ್ದನ್ನು ಮೀರಿ ತಾನು ತೋರಿಸಿಬಿಟ್ಟದ್ದು ಅವನಿಗೆ ಗೊತ್ತಿತ್ತು. ಅವಳು ಅದನ್ನು ಸುಲಭಕ್ಕೆ ಮರೆಯುವವಳಲ್ಲ ಎಂಬುದೂ ಗೊತ್ತಿತ್ತು.

ವೆಂಡೆಲ್ ಚಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಎದ್ದ. ಹಿಡಿಯ ವಿಷಯ ಎತ್ತಲಿಲ್ಲ. ಬಾಗಿಲನ್ನು ಹಾಗೇ ಬಿಟ್ಟು ಹೋದ.

ಹಾಲ್ವರ್ ಕಿಟಕಿಯಿಂದ ನೋಡಿದ. ವೆಂಡೆಲ್ ಮೊದಲು ದೋಣಿಕಟ್ಟೆಯ ತುದಿಗೆ ನಡೆದ. ಇಳಿತದ ನೀರು ಕೆಳಗೆ ಕಪ್ಪಗೆ ಹರಿಯುತ್ತಿತ್ತು, ಅಲ್ಲಿ ಬಿದ್ದದ್ದು ಯಾರಿಗೂ ಸಿಗುವುದಿಲ್ಲ. ಮಳೆಯಲ್ಲಿ ಬರಿತಲೆಯಲ್ಲಿ ಬಹಳ ಹೊತ್ತು ನಿಂತ. ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ತಿರುಗಿ, ಮನೆಯ ಕಡೆಗಿದ್ದ ಏರುದಾರಿಯಲ್ಲಿ, ರಾಡಿಯನ್ನು ತುಳಿಯುತ್ತ ನಡೆದ. ಬೋರ್ಗಿಲ್ಡ್ ಆ ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದಳು. ಹಾಲ್ವರ್ ಬಾಗಿಲು ಹಾಕಿ, ಆರತೊಡಗಿದ್ದ ಒಲೆಗೆ ಕಟ್ಟಿಗೆ ಹಾಕಿದ. ಅಂಚೆಯವನ ಕೋವಿಯ ಹಾಸು ಇನ್ನೂ ಹಸಿಯಾಗಿತ್ತು.